ಎಐಗೆ ಲೆಕ್ಕ ಕಲಿಸಿಕೊಟ್ಟು ಮನೆಗೆ ಹೋಗುದಾ, ಈಗಲೇ ಬಿಡುದಾ?

ಪ್ರಶ್ನೆ: ಸರ್, ನನಗೆ ಈಗ 56. ಕಾರ್ಕಳದ ಹತ್ರ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ 1996ರಿಂದ ಅಕೌಂಟ್ಸ್ ನೋಡ್ತಾ ಇದ್ದೇನೆ, ಬೇಸಿಕ್ 25,000. ಈಗ ಓನರ್‌ರ ಮಗ ಬಿಲ್‌ನ ಫೋಟೋ ತೆಗೆದ್ರೆ ತಾನೇ ಎಂಟ್ರಿ ಹಾಕುವ ಎಐ ಸಾಫ್ಟ್‌ವೇರ್ ತಂದಿದ್ದಾರೆ, ಆರು ತಿಂಗಳು ಕೂತು ಅದಕ್ಕೆ ನಮ್ಮ ಲೆಕ್ಕ ಎಲ್ಲ ಕಲಿಸಿಕೊಡಿ ಅಂತಾರೆ. ನಮ್ಮ ಮನೆ ಯಜಮಾನ್ರಿಗೆ 63, ತುಂಬಾ ವರ್ಷ ಮಸ್ಕತ್‌ನಲ್ಲಿದ್ದು ಬಂದವರು, ಪೆನ್ಶನ್ ಇಲ್ಲ. ಮನೆಯಲ್ಲಿ 84ರ ಅತ್ತೆ. ಮಗಳು ಕೆನಡಾದಲ್ಲಿ, ಮಗ ಬೆಂಗಳೂರಲ್ಲಿ. ಕೆಲಸ ಬಿಡಿ, ಮನೆ ಮಾರಿ, ಎಲ್ಲರೂ ಇಲ್ಲಿಗೇ ಬನ್ನಿ ಅಂತ ಮಗ ಹೇಳ್ತಾನೆ. ಎಂತ ಮಾಡುದು?

ಉತ್ತರ:

ಅಕ್ಕ, ಇದರೊಳಗೆ ಮೂರು ಪ್ರಶ್ನೆ ಉಂಟು, ಕೆಲಸದ್ದು, ದುಡ್ಡಿನದ್ದು, ಮನೆಯದ್ದು. ಮೂರಕ್ಕೂ ಒಟ್ಟಿಗೆ ಉತ್ತರ ಬೇಕು ಅಂತ ಹೊರಟದ್ದಕ್ಕೇ ನಿಮಗೆ ತಲೆಬಿಸಿ ಆಗಿರುದು. ಮಗನ ಪ್ರೀತಿ ನಿಜವೇ, ಅದರಲ್ಲಿ ಡೌಟ್ ಇಲ್ಲ, ಆದ್ರೆ ಅವನು ನಿಮ್ಮ ಪಿಎಫ್ ಪಾಸ್‌ಬುಕ್ಕೂ ನೋಡಿರ್ಲಿಕ್ಕಿಲ್ಲ, ಅಜ್ಜಿ ರಾತ್ರಿ ಎಷ್ಟು ಸಲ ಏಳ್ತಾರೆ ಅಂತಲೂ ಅವನಿಗೆ ಗೊತ್ತಿರ್ಲಿಕ್ಕಿಲ್ಲ.

ಕೆಲಸದ್ದು ಮೊದಲು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಎಂಟ್ರಿ ಹಾಕುವ ಕೆಲಸ ಹೋಗ್ತದೆ. ನೀವು ಕಲಿಸಿದ್ರೂ ಹೋಗ್ತದೆ, ಕಲಿಸುದಿಲ್ಲ ಅಂತ ಕೂತ್ರೂ ಹೋಗ್ತದೆ, ಎರಡನೇದರಲ್ಲಿ ಸ್ವಲ್ಪ ತಡ ಆಗ್ಬಹುದು ಅಷ್ಟೇ. ನಿಮ್ಮ ಕೈಕೆಳಗೆ ವೌಚರ್ ಹಾಕ್ಲಿಕ್ಕೆ ಹುಡುಗಿಯರಿದ್ರೆ ಬಿಸಿ ಮೊದಲು ತಾಗುದು ಅವರಿಗೆ. ಆದ್ರೆ ನಿಮ್ಮ ಕೆಲಸ ಅಂದ್ರೆ ಬರೀ ಎಂಟ್ರಿ ಅಂತ ನೀವೇ ಅಂದ್ಕೊಂಡಿದ್ದೀರಾ ಅಂತ ನನಗೆ ಸಂಶಯ. ಮಾರ್ಚ್‌ನಿಂದ ಊರಿನ ಗೇರುಬೀಜ ಬರ್ಲಿಕ್ಕೆ ಶುರುವಾಗ್ತದಲ್ಲ, ಕೃಷಿಕರ ಕೈಯಿಂದ ನೇರ ತೆಗೊಂಡ್ರೆ ಜಿಎಸ್‌ಟಿ ರಿವರ್ಸ್ ಚಾರ್ಜ್‌ನಲ್ಲಿ ಫ್ಯಾಕ್ಟರಿಯೇ ಕಟ್ಬೇಕು, ಅದೇ ಬೀಜ ರಿಜಿಸ್ಟರ್ಡ್ ವ್ಯಾಪಾರಿಯ ಕೈಯಿಂದ ಬಂದ್ರೆ ಟ್ಯಾಕ್ಸ್ ಅವನು ಬಿಲ್‌ನಲ್ಲಿ ಹಾಕ್ತಾನೆ. ಬಜಗೋಳಿಯಿಂದ ಪಿಕಪ್‌ನಲ್ಲಿ ಚೀಲ ತಂದ ಮನುಷ್ಯ ತನ್ನ ಗುಡ್ಡೆಯದ್ದು ಮಾತ್ರ ತಂದದ್ದಾ, ಇಲ್ಲ ಹತ್ತು ಮನೆಯದ್ದು ಒಟ್ಟು ಮಾಡಿ ವ್ಯಾಪಾರ ಮಾಡ್ತಾ ಇದ್ದಾನಾ ಅನ್ನುದು ಚೀಟಿಯ ಫೋಟೋದಲ್ಲಿ ಇರುದಿಲ್ಲ, ನಿಮ್ಮ ತಲೆಯಲ್ಲಿ ಉಂಟು. ಹಾಗೆಯೇ ಆಫ್ರಿಕಾದ ಬೀಜ ಪಣಂಬೂರು ಬಂದರಿಗೆ ಬಂದ ಮೇಲೆ ತೇವ ಜಾಸ್ತಿ, ಔಟ್‌ಟರ್ನ್, ಅಂದ್ರೆ ಬೀಜದಿಂದ ಸಿಗುವ ತಿರುಳು, ಕಡಿಮೆ ಅಂತ ಪಾರ್ಟಿ ಜೊತೆ ಜಗಳ ಆಗ್ತದಲ್ಲ, ಆ ಕ್ಲೇಮ್‌ನ ದುಡ್ಡು ಬಂದೇ ಬರ್ತದಾ, ಯಾವ ಲೆಕ್ಕಕ್ಕೆ ಹಾಕುದು, ಬ್ಯಾಂಕಿನವರಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವಾಗ ಎಂತ ತೋರಿಸುದು, ಇದೆಲ್ಲ ಬಿಲ್ ಓದಿದ್ರೆ ಗೊತ್ತಾಗುವ ವಿಷಯ ಅಲ್ಲ.

ಇನ್ನೊಂದು, ಈ ಸಾಫ್ಟ್‌ವೇರ್‌ಗಳು ತಪ್ಪು ಮಾಡುವಾಗ ಮುಖ ಸಪ್ಪೆ ಮಾಡುದಿಲ್ಲ. ಹೊಸ ಹುಡುಗಿಯಾದ್ರೆ ಗೊತ್ತಿಲ್ಲದಾಗ ನಿಮ್ಮ ಟೇಬಲ್ ಹತ್ರ ಬಂದು ನಿಲ್ತಾಳೆ. ಇದು ಹೆಚ್ಚಿನ ಸಲ ಗೊತ್ತಿಲ್ಲದ್ದನ್ನೂ ಗೊತ್ತಿದ್ದ ಹಾಗೆಯೇ ಹಾಕಿ ಮುಂದೆ ಹೋಗ್ತದೆ. ತಪ್ಪು ಎಂಟ್ರಿಯೂ ಸರಿ ಎಂಟ್ರಿಯಷ್ಟೇ ನೀಟಾಗಿ ಕಾಣ್ತದೆ, ಎರಡು ತಿಂಗಳು ಕಳೆದು ಮಾರಿದವರು ಹಾಕಿದ ಬಿಲ್‌ಗಳ ಪಟ್ಟಿ, ಆ ಜಿಎಸ್‌ಟಿಆರ್ 2ಬಿ, ತಾಳೆ ಆಗದಿದ್ದಾಗಲೇ ಗೊತ್ತಾಗುದು, ಅಷ್ಟರಲ್ಲಿ ನೂರು ಎಂಟ್ರಿ ಹಾಗೆಯೇ ಕೂತಿರ್ತದೆ. ಓನರ್‌ರ ಮಗ, ಆ ಸಣ್ಣ ಓನರ್‌ಗೆ ಇದು ಈಗ ಗೊತ್ತಿಲ್ಲ, ಒಂದು ನೋಟಿಸ್ ಬಂದ್ರೆ ಗೊತ್ತಾಗ್ತದೆ.

ಹಾಗಾಗಿ ಕಲಿಸುದಿಲ್ಲ ಅಂತ ಹೇಳ್ಬೇಡಿ, ಸುಮ್ನೆ ಕಲಿಸಿಕೊಟ್ಟು ಬರ್ಲಿಕ್ಕೂ ಬೇಡ. ನಾನು ಕಲಿಸ್ತೇನೆ, ಆದ್ರೆ ಅದು ಹಾಕಿದ್ದನ್ನ ನೋಡಿ ಪಾಸ್ ಮಾಡುವ ಕೆಲಸ ನನ್ನ ಹೆಸರಲ್ಲಿರ್ಬೇಕು, 58 ಆಗುವ ತನಕ ಈಗಿನ ಸಂಬಳ, ಅದು ಆದ ಮೇಲೆ ವಾರಕ್ಕೆ ಎರಡು ದಿನ ಬರ್ತೇನೆ, ತಿಂಗಳಿಗೆ ಇಷ್ಟು ಅಂತ ಕೇಳಿ. ಬಾಯಲ್ಲಿ ಹೇಳಿದ್ರೆ ಸಾಲದು, ಲೆಟರ್ ಬೇಕು. ದೊಡ್ಡ ಓನರ್ ಕಾಲದಲ್ಲಿ ಮಾತಿಗೆ ಬೆಲೆ ಇದ್ದಿರಬಹುದು, ಮಗನಿಗೂ ಇರಬಹುದು, ಆದ್ರೂ ಕಾಗದದಲ್ಲಿ ಇದ್ರೆ ಇಬ್ಬರಿಗೂ ಒಳ್ಳೆದು. ಕೇಳುವ ಸಮಯ ಈಗಲೇ, ಕಲಿಸಿ ಮುಗಿದ ಮೇಲೆ ಕೇಳಿದ್ರೆ ನಿಮ್ಮ ಕೈಯಲ್ಲಿ ಎಂತ ಉಂಟು? ಮತ್ತೆ ಆಗುದಾದ್ರೆ ಒಬ್ಬಳು ಹುಡುಗಿಯನ್ನ ಪಕ್ಕದಲ್ಲಿ ಕೂರಿಸಿ ರಿವರ್ಸ್ ಚಾರ್ಜ್, ರಿಕನ್ಸಿಲಿಯೇಶನ್ ಎಲ್ಲ ಅವಳಿಗೂ ಹೇಳಿಕೊಡಿ ಮಾರಾಯ್ರೆ, ಅವಳಿಗೆ ಇನ್ನೂ 30 ವರ್ಷ ದುಡಿಲಿಕ್ಕೆ ಉಂಟು. ಅವರು ಯಾವುದಕ್ಕೂ ಒಪ್ಪದಿದ್ರೆ ಅದೂ ಒಂದು ಉತ್ತರವೇ, ಕಾರ್ಕಳ ಪೇಟೆಯಲ್ಲಿ ರಿಟರ್ನ್ ಫೈಲ್ ಮಾಡ್ಲಿಕ್ಕೆ ನಂಬಿಕೆಯ ಜನ ಸಿಗುದಿಲ್ಲ ಅಂತ ಗೋಳಾಡುವ ಅಂಗಡಿಯವರು ಬೇಕಾದಷ್ಟಿದ್ದಾರೆ.

ಕೆಲಸದ ರೀತಿ ಬದಲಾಗುದು ನಮ್ಮ ಕಡೆಯವರಿಗೆ ಹೊಸದೇನಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹೆಂಚಿನ ಫ್ಯಾಕ್ಟರಿ ಹಾಕಿದ ಮೇಲೆ ನೇತ್ರಾವತಿ ಗುರುಪುರ ಹೊಳೆಗಳ ದಡದಲ್ಲಿ ಎಷ್ಟು ಚಿಮಣಿ ಎದ್ದಿತ್ತು, ಆಮೇಲೆ ಆರ್‌ಸಿಸಿ ತಾರಸಿ ಬಂತು, ಒಂದೊಂದೇ ಬಾಗಿಲು ಹಾಕಿತು. ಮನೆಮನೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನ ಓದಿಸಿದ ಹೆಂಗಸರ ಕೆಲಸ ನಮ್ಮ ಕಣ್ಣೆದುರೇ ಕಡಿಮೆ ಆಯ್ತು. ನಿಮ್ಮದೇ ಫ್ಯಾಕ್ಟರಿಯಲ್ಲಿ ಬೀಜ ಕಟ್ ಮಾಡ್ಲಿಕ್ಕೆ, ಸಿಪ್ಪೆ ತೆಗಿಲಿಕ್ಕೆ, ಗ್ರೇಡ್ ಮಾಡ್ಲಿಕ್ಕೆ ಸಾಲಾಗಿ ಕೂತಿದ್ದ ಹೆಂಗಸರ ಜಾಗಕ್ಕೆ ಕಟಿಂಗ್ ಮಿಶನ್, ಕಲರ್ ಸಾರ್ಟರ್ ಬರುವಾಗ ಆಫೀಸಲ್ಲಿ ಕೂತವರಿಗೆ ಅದು ತಮ್ಮ ತನಕ ಬರ್ತದೆ ಅಂತ ಅನ್ನಿಸಿರ್ಲಿಕ್ಕಿಲ್ಲ. ಈಗ ಬಂತು. ಅವರಿಗೆ ಯಾರೂ ಆರು ತಿಂಗಳು ಮೊದಲು ಹೇಳಿರ್ಲಿಲ್ಲ, ನಿಮಗೆ ಹೇಳಿದ್ದಾರೆ, ಆ ಮಟ್ಟಿಗೆ ನಿಮ್ಮ ಸ್ಥಿತಿ ಪರವಾಗಿಲ್ಲ. ಲೆಡ್ಜರ್ ಪುಸ್ತಕದಿಂದ ಟ್ಯಾಲಿಗೆ ಬಂದದ್ದೂ ನೀವೇ, 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ರಾತ್ರಿ ತನಕ ಪೋರ್ಟಲ್ ಎದುರು ಕೂತದ್ದೂ ನೀವೇ ಅಲ್ವಾ, ಇದೂ ಬರ್ತದೆ.

ಹೊಸದು ಯಾವುದು ಅಂದ್ರೆ, ಕೆಲಸ ನಿಂತ ಮೇಲೆ ಎಷ್ಟು ವರ್ಷ ಬದುಕ್ತೇವೆ ಅನ್ನುದು. 1950ರ ಹೊತ್ತಿಗೆ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು 32ರ ಹತ್ರ ಇತ್ತು, ಈಗ 70ರ ಹತ್ರ. ಇದರಲ್ಲಿ ಸಣ್ಣ ಮಕ್ಕಳ ಸಾವು ಕಡಿಮೆ ಆದದ್ದೇ ದೊಡ್ಡ ಪಾಲು, ಆದ್ರೂ 60 ದಾಟಿದವರಿಗೆ ಇನ್ನೂ ಸುಮಾರು 18 ವರ್ಷ ಸರಾಸರಿ, ಹೆಂಗಸರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಸರಾಸರಿ ಅಂದ್ರೆ ಸುಮಾರು ಅರ್ಧ ಜನ ಅದಕ್ಕಿಂತ ಆಚೆ ಹೋಗುವವರು. ನಿಮ್ಮ ಅತ್ತೆಗೇ 84. ನೀವು 88 ಅಂತ ಲೆಕ್ಕ ಇಟ್ಕೊಳ್ಳಿ, ಆಗ 58ರಿಂದ 30 ವರ್ಷ, ಅಂದ್ರೆ ನೀವು ಆ ಫ್ಯಾಕ್ಟರಿಯಲ್ಲಿ ದುಡಿದಷ್ಟೇ ವರ್ಷ ದುಡಿಯದೆ ಕಳಿಬೇಕು. ಈ 30 ವರ್ಷ ಒಂದೇ ತರ ಇರುದಿಲ್ಲ. ಮೊದಲ 15 ವರ್ಷ ನೀವು ಬಸ್ ಹತ್ತಿ ಉಡುಪಿಗೆ ಹೋಗಿ ಬರ್ತೀರಿ, ಯಾರದ್ದಾದ್ರೂ ಲೆಕ್ಕ ನೋಡಿ ನಾಲ್ಕು ಕಾಸು ಸಂಪಾದಿಸ್ತೀರಿ. ಆಮೇಲಿನ 15 ವರ್ಷದಲ್ಲಿ ನಿಮ್ಮನ್ನ ನೋಡ್ಕೊಳ್ಳುವವರು ಬೇಕು. ಹೆಚ್ಚಿನವರು ಮೊದಲರ್ಧಕ್ಕೆ ಪ್ಲ್ಯಾನ್ ಮಾಡ್ತಾರೆ, ಕಾಶಿ ಯಾತ್ರೆ, ಕೆನಡಾ ಟ್ರಿಪ್, ಮನೆಗೆ ಟೈಲ್ಸ್. ಎರಡನೇ ಅರ್ಧ ದೇವರಿಗೆ ಬಿಟ್ಟದ್ದು.

ಇನ್ನು ದುಡ್ಡು. ಪಿಎಫ್ ಜೊತೆ ಬರುವ ನಿಮ್ಮ ಇಪಿಎಸ್ ಪೆನ್ಶನ್ ಬಗ್ಗೆ ತುಂಬಾ ಆಸೆ ಇಟ್ಕೊಳ್ಬೇಡಿ. ಸೂತ್ರ ಎಲ್ಲರೂ ಹೇಳ್ತಾರೆ, ಸಂಬಳ ಗುಣಿಸು ಸರ್ವಿಸ್ ಭಾಗಿಸು 70 ಅಂತ, ಸಂಬಳಕ್ಕೆ 15,000 ಮಿತಿ ಅಂತಲೂ ಗೊತ್ತುಂಟು, ಆದ್ರೆ 2014ರ ಸೆಪ್ಟೆಂಬರ್‌ಗಿಂತ ಮೊದಲಿನ ಸರ್ವಿಸ್‌ಗೆ 6,500ರ ಮಿತಿ ಹಿಡಿತಾರೆ ಅನ್ನುದನ್ನ ಹೇಳುವವರು ಕಡಿಮೆ. ನಿಮ್ಮದು ಆ ತಾರೀಕಿಗೆ ಸುಮಾರು 18 ವರ್ಷ, ಅದಕ್ಕೆ 1,670 ಚಿಲ್ಲರೆ, ಅಲ್ಲಿಂದ 58ರ ತನಕ ಸುಮಾರು 13 ವರ್ಷಕ್ಕೆ 2,785, 20 ವರ್ಷ ದಾಟಿದವರಿಗೆ ಕೊಡುವ ಎರಡು ವರ್ಷದ ಬೋನಸ್ ಸೇರಿಸಿದ್ರೂ ಒಟ್ಟು 5,000ದ ಒಳಗೇ. ಈಗಲೇ ಬಿಟ್ಟು ಈಗಲೇ ಪೆನ್ಶನ್ ಕೇಳಿದ್ರೆ ಸರ್ವಿಸೂ ಎರಡು ವರ್ಷ ಕಡಿಮೆ, 58ಕ್ಕಿಂತ ಎಷ್ಟು ವರ್ಷ ಮೊದಲೋ ಅಷ್ಟಕ್ಕೆ ವರ್ಷಕ್ಕೆ ಶೇ. 4ರ ಹಾಗೆ ಕಡಿತವೂ ಆಗಿ 4,000ದ ಆಚೀಚೆ ನಿಲ್ತದೆ. ಇದಕ್ಕೆ ಬೆಲೆ ಏರಿದ ಹಾಗೆ ಏರುವ ಡಿಎ ಇಲ್ಲ, ಅಂದ್ರೆ ಶುರುವಾದಷ್ಟೇ ಕೊನೆ ತನಕ, ಸರ್ಕಾರ ಏನಾದ್ರೂ ಬದಲು ಮಾಡಿದ್ರೆ ಮಾತ್ರ ಹೆಚ್ಚು. ನಿಮ್ಮ ನಂತರ ಯಜಮಾನ್ರಿಗೆ ಅರ್ಧ.

ನೋಡಿ, ಎರಡು ವರ್ಷ ಇದ್ರೂ ಇಲ್ಲದಿದ್ರೂ ಪೆನ್ಶನ್‌ನಲ್ಲಿ ತಿಂಗಳಿಗೆ ಸಾವಿರದ ಒಳಗಿನ ವ್ಯತ್ಯಾಸ. ಹಾಗಾಗಿ ಪೆನ್ಶನ್‌ಗೋಸ್ಕರ ಇರಿ ಅಂತ ನಾನು ಹೇಳುದಿಲ್ಲ. ಇರಿ ಅಂತ ಹೇಳುದು ಯಾಕೆ ಅಂದ್ರೆ, ಆ ಎರಡು ವರ್ಷ ಮನೆ ಖರ್ಚು ನಿಮ್ಮ ಸಂಬಳದಲ್ಲಿ ನಡೀತದೆ, ಕೂಡಿಟ್ಟದ್ದಕ್ಕೆ ಕೈ ಹಾಕ್ಲಿಕ್ಕಿಲ್ಲ, ಪಿಎಫ್‌ಗೆ ಇಬ್ಬರ ಪಾಲೂ ಬೀಳ್ತದೆ. ಗ್ರಾಚುಟಿ ಬೇಸಿಕ್‌ಗೆ 15 ಗುಣಿಸಿ 26ರಿಂದ ಭಾಗಿಸಿ ವರ್ಷಕ್ಕೆ ಗುಣಿಸಿದ್ರೆ 29 ವರ್ಷಕ್ಕೆ 4.18 ಲಕ್ಷ ಆಗ್ತದೆ, ರಾಜೀನಾಮೆ ಕೊಟ್ರೂ ಅದು ಹಕ್ಕಿನದ್ದು, ಬಿಡ್ಲಿಕ್ಕಿಲ್ಲ. ಮತ್ತೆ 58 ಅಂದ್ರೆ ಪೆನ್ಶನ್ ವಯಸ್ಸು ಅಷ್ಟೇ, ಆಮೇಲೂ ದುಡಿಬಹುದು, ಪೆನ್ಶನ್ 60ರ ತನಕ ಮುಂದೆ ಹಾಕಿದ್ರೆ ವರ್ಷಕ್ಕೆ ಶೇ. 4ರ ಹಾಗೆ ಹೆಚ್ಚಾಗ್ತದೆ. ನಾನಾದ್ರೆ ಮುಂದೆ ಹಾಕುದಿಲ್ಲ, ಇಷ್ಟು ಸಣ್ಣ ಮೊತ್ತಕ್ಕೆ ಕಾಯುದರಲ್ಲಿ ಅರ್ಥ ಇಲ್ಲ.

ನಿಮ್ಮ ಮನೆಯ ನಿಜವಾದ ಪೆನ್ಶನ್ ಅಂದ್ರೆ ಯಜಮಾನ್ರು ತಂದ ದುಡ್ಡು. ಗಲ್ಫ್‌ನಿಂದ ಬಂದವರಲ್ಲಿ ನಾನು ನೋಡುದು ಎರಡೇ ಜಾತಿ, ಎಲ್ಲವನ್ನೂ ಮನೆ ಮತ್ತು ಸೈಟಿಗೆ ಹಾಕಿ ಕೈಯಲ್ಲಿ ನಗದು ಇಲ್ಲದವರು, ಇಲ್ಲ ಎಲ್ಲವನ್ನೂ ಎಫ್‌ಡಿಯಲ್ಲಿಟ್ಟು ಬಡ್ಡಿ ಪೂರ್ತಿ ಖರ್ಚು ಮಾಡುವವರು. ಮೊದಲನೇದಾದ್ರೆ ಒಂದು ಸೈಟು ಮಾರಿ, ಮನೆ ಅಲ್ಲ. ಎರಡನೇದಾದ್ರೆ ಬೆಲೆ ಏರಿಕೆ ನೆನಪಿರ್ಲಿ, ವರ್ಷಕ್ಕೆ ಶೇ. 6 ಅಂತ ಹಿಡಿದ್ರೂ ಇವತ್ತಿನ 30,000ದ ಖರ್ಚು 12 ವರ್ಷಕ್ಕೆ 60,000, ನೀವು 80 ಮುಟ್ಟುವಾಗ 1.20 ಲಕ್ಷ. ಬಡ್ಡಿಯಲ್ಲಿ ಒಂದು ಪಾಲು ಅಸಲಿಗೆ ಸೇರಿಸ್ತಾ ಹೋಗ್ಲೇಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಯಜಮಾನ್ರು 30 ಲಕ್ಷದ ತನಕ ಇಡಬಹುದು, 2023ರ ಏಪ್ರಿಲ್‌ನಲ್ಲಿ ಬಡ್ಡಿ 8.2 ಮಾಡಿದ್ದಾರೆ, ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡ್ತದೆ, ಹಾಗಾಗಿ ಇಡುವ ದಿನದ ದರ ಪೋಸ್ಟ್ ಆಫೀಸಲ್ಲಿ ಕೇಳಿ, ಇಟ್ಟ ಮೇಲೆ ಐದು ವರ್ಷ ಅದೇ ದರ. 8.2ರಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೆ 61,500 ಬರ್ತದೆ. ನೀವು 60 ಆಗುವ ತನಕ ಕಾಯ್ಬೇಕಂತಿಲ್ಲ, 55 ದಾಟಿ ನಿವೃತ್ತಿ ಆದವರು ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ, ಆ ಹಣದಷ್ಟು ಇಡಬಹುದು. ಮಸ್ಕತ್‌ನ ದುಡ್ಡು ಇನ್ನೂ ಹೊರದೇಶದಲ್ಲಿ ಇರುವವರ ಎನ್‌ಆರ್‌ಇ ಖಾತೆಯಲ್ಲೇ ಇದ್ರೆ, ಊರಿಗೇ ಬಂದು ನೆಲೆಸಿದ್ದೇನೆ ಅಂತ ಬ್ಯಾಂಕಿಗೆ ಬರೆದುಕೊಟ್ಟು ಖಾತೆ ಬದಲು ಮಾಡಿಸಿ. ಟ್ಯಾಕ್ಸ್ ಇಲ್ಲದ ಬಡ್ಡಿ ಅಂತ ಸುಮ್ನೆ ಕೂತವರು ಆಮೇಲೆ ಪೆಟ್ಟು ತಿಂದದ್ದುಂಟು.

ಮನೆ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳ್ತೇನೆ, ಅತ್ತೆ ಇರುವ ತನಕ ಮಾರ್ಬೇಡಿ. 84 ವರ್ಷದ ಹೆಂಗಸನ್ನ ಅಂಗಳ, ತುಳಸಿಕಟ್ಟೆ, ದಿನಾ ಬೇಲಿ ಆಚೆಯಿಂದ "ದಾನೆ ಅಕ್ಕ" ಅಂತ ತುಳುವಿನಲ್ಲಿ ಕೇಳುವ ನೆರೆಮನೆಯವಳು, ಇದೆಲ್ಲದರಿಂದ ಎತ್ತಿ ವೈಟ್‌ಫೀಲ್ಡ್‌ನ ಹನ್ನೊಂದನೇ ಫ್ಲೋರಿನಲ್ಲಿಟ್ರೆ ಅವರು ಮಾತಾಡುದು ಯಾರ ಹತ್ರ? ಮಗ ಸೊಸೆ ಇಬ್ಬರೂ ಲ್ಯಾಪ್‌ಟಾಪ್ ಎದುರು, ಅದರ ಮೇಲೆ ಅವರ ಕೆಲಸದ್ದೇ ಗ್ಯಾರಂಟಿ ಇಲ್ಲ, ನಿಮ್ಮ ಎಂಟ್ರಿ ಹಾಕುವ ಸಾಫ್ಟ್‌ವೇರಿನ ಅಣ್ಣತಮ್ಮಂದಿರೇ ಕೋಡ್ ಬರಿತಾ ಇದ್ದಾವೆ. ನಾಳೆ ಅವನು ಹೈದರಾಬಾದಿಗೋ ಜರ್ಮನಿಗೋ ಹೊರಟ್ರೆ ನೀವು ಮನೆ ಮಾರಿ ಬಂದವರು ಎಲ್ಲಿಗೆ ಹೋಗುದು? ಮಳೆಗಾಲದಲ್ಲಿ ಎರಡು ಮೂರು ತಿಂಗಳು ಹೋಗಿ ಇದ್ದು ಬನ್ನಿ, ನಿಮಗೂ ಅವರಿಗೂ ಹೊಂದ್ತದಾ ಅಂತ ಗೊತ್ತಾಗ್ತದೆ. ಮನೆ ಮಾರಿದ್ರೆ ದುಡ್ಡು ಬರ್ತದೆ ನಿಜ, ನಾಗನಕಟ್ಟೆಯ ತಂಬಿಲದ ಪೂಜೆಗೂ ವರ್ಷದ ದೈವದ ನೇಮಕ್ಕೂ ಬರ್ಲಿಕ್ಕೆ ಆಮೇಲೆ ಲಾಡ್ಜಿನಲ್ಲಿ ರೂಮ್ ಮಾಡ್ಬೇಕು, ಅದನ್ನೂ ಲೆಕ್ಕದಲ್ಲಿ ಹಿಡಿರಿ.

ಮಾರುದಿಲ್ಲ ಅಂದ ಕೂಡಲೇ ಮುಂದಿನ ಮಾತು ಬರುದು, ಹಾಗಾದ್ರೆ ಮಕ್ಕಳ ಹೆಸರಿಗೆ ಮಾಡಿಬಿಡಿ ಅಂತ. ದಾನಪತ್ರ ಬೇಡ, ವೀಲು ಬರೀರಿ. ವೀಲನ್ನ ಬೇಕಾದಾಗ ಬದಲು ಮಾಡಬಹುದು, ದಾನಪತ್ರ ರಿಜಿಸ್ಟರ್ ಆದ ಮೇಲೆ ಮನೆ ನಿಮ್ಮದಲ್ಲ. ಕೊಡ್ಲೇಬೇಕಾದ ಸಂದರ್ಭ ಬಂದ್ರೆ, ನಮ್ಮನ್ನ ಕೊನೆ ತನಕ ನೋಡ್ಕೊಳ್ಬೇಕು ಅನ್ನುವ ಷರತ್ತನ್ನ ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ಷರತ್ತು ಮುರಿದ್ರೆ ದಾನಪತ್ರ ರದ್ದು ಮಾಡ್ಲಿಕ್ಕೆ ಟ್ರಿಬ್ಯೂನಲ್‌ಗೆ ಹೋಗಬಹುದು, ಉಡುಪಿ ಜಿಲ್ಲೆಯವರಿಗೆ ಅದು ಕುಂದಾಪುರದ ಅಸಿಸ್ಟೆಂಟ್ ಕಮಿಶನರ್ ಆಫೀಸು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಒಬ್ಬ ತಾಯಿ ಮಗನಿಗೆ ಕೊಟ್ಟ ಆಸ್ತಿಯನ್ನ ಇದೇ ಸೆಕ್ಷನ್‌ನಲ್ಲಿ ವಾಪಸ್ ಕೊಡಿಸಿದೆ. ನಿಮ್ಮ ಮಗ ಅಂಥವನು ಅಂತ ನಾನು ಹೇಳ್ತಾ ಇಲ್ಲ, ಕಾಗದ ಸರಿ ಇದ್ದ ಮನೆಯಲ್ಲಿ ಜಗಳವೂ ಕಡಿಮೆ ಅಷ್ಟೇ.

ಮಾರದ ಮನೆಯಲ್ಲಿ ಎರಡನೇ ಅರ್ಧ ಹೇಗೆ ಅನ್ನುದು ನಿಜವಾದ ಕಷ್ಟ, ಅದಕ್ಕೆ ಸುಲಭದ ಉತ್ತರ ನನ್ನ ಹತ್ರ ಇಲ್ಲ. ದಿನಪೂರ್ತಿ ಇರುವ ಹೋಮ್ ನರ್ಸ್‌ಗೆ ನಿಮ್ಮ ಪೆನ್ಶನ್‌ನ ನಾಲ್ಕೈದು ಪಟ್ಟು ಬೇಕು, ಜನ ಸಿಕ್ಕಿದ್ರೆ ಪುಣ್ಯ. ನಮ್ಮ ಕಡೆ ದೊಡ್ಡ ದೊಡ್ಡ ಮನೆಯಲ್ಲಿ ಇಬ್ಬಿಬ್ಬರೇ ಮುದುಕರು, ಕೆಲವು ಕಡೆ ಒಬ್ಬರೇ. ಅದಕ್ಕೇ ಹೇಳುದು, ನಿಮಗೆ ಕೈಕಾಲು ಗಟ್ಟಿ ಇರುವ ಈ 15 ವರ್ಷದಲ್ಲಿ ಆಸುಪಾಸಿನಲ್ಲಿ ನಾಲ್ಕು ಜನರ ಬಳಕೆ ಇಟ್ಕೊಳ್ಳಿ, ಮನೆಯ ಒಂದು ಭಾಗ ಒಳ್ಳೆ ಸಂಸಾರಕ್ಕೆ ಬಾಡಿಗೆಗೆ ಕೊಡಿ, ಬಾಡಿಗೆ ಸ್ವಲ್ಪ ಕಡಿಮೆ ಆದ್ರೂ ಚಿಂತೆ ಇಲ್ಲ, ಬಚ್ಚಲಲ್ಲಿ ಜಾರಿ ಬಿದ್ರೆ ಕೂಗಿದ್ದು ಯಾರಿಗಾದ್ರೂ ಕೇಳ್ಬೇಕು. ಮೊದಲೆಲ್ಲ ಪಿಗ್ಮಿ ಕಲೆಕ್ಟರ್ ದಿನಾ ಬಾಗಿಲಿಗೆ ಬರ್ತಿದ್ದ, 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ ಅದು, ಎರಡು ದಿನ ಬಾಗಿಲು ತೆಗೆಯದಿದ್ರೆ ಎಂತ ಆಯ್ತು ಅಂತ ಕೇಳುವವ ಒಬ್ಬ ಇದ್ದ. ಈಗ ಆ ಬ್ಯಾಂಕೇ ಇಲ್ಲ, 2020ರಲ್ಲಿ ಕೆನರಾಕ್ಕೆ ಸೇರಿತು, ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್‌ಗೆ, ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲು ಬರೋಡಾಕ್ಕೆ. ಫೋನೇ ಬ್ಯಾಂಕ್ ಆಯ್ತು, ಫೋನ್ ಯಾರ ಕ್ಷೇಮವನ್ನೂ ವಿಚಾರಿಸುದಿಲ್ಲ.

ಆ ಫೋನನ್ನ ನೀವೇ ಕಲೀರಿ, ಯಜಮಾನ್ರಿಗೂ ಕಲಿಸಿ. ಒಟಿಪಿ ಎಲ್ಲ ಮಗನ ನಂಬರಿಗೆ ಹೋಗುವ ಹಾಗೆ ಮಾಡಿಟ್ಟವರಿದ್ದಾರೆ, ಅದು ಬೇಡ, ಅವನು ಮೀಟಿಂಗಲ್ಲಿದ್ರೆ ನಿಮ್ಮ ಆಸ್ಪತ್ರೆ ಬಿಲ್ ನಿಲ್ತದೆ. ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿದ್ರೆ ಕಾಲ್ ಕಟ್ ಮಾಡಿ, ಹಾಗೊಂದು ಅರೆಸ್ಟ್ ಕಾನೂನಲ್ಲೇ ಇಲ್ಲ, ದುಡ್ಡು ಹೋಗಿದ್ರೆ ಆ ಕ್ಷಣವೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ನಾಳೆ ಮಾಡುವ ಅಂದ್ರೆ ಆ ದುಡ್ಡು ಹತ್ತು ಖಾತೆ ದಾಟಿರ್ತದೆ. ಪೆನ್ಶನ್ ಶುರುವಾದ ಮೇಲೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅನ್ನುವ ಜೀವನ್ ಪ್ರಮಾಣ್ ಕೊಡ್ಬೇಕು, ಇಪಿಎಸ್‌ನವರು ಯಾವ ತಿಂಗಳಲ್ಲೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೀತದೆ, ನವೆಂಬರ್‌ನ ಕ್ಯೂನಲ್ಲಿ ನಿಲ್ಬೇಕಂತಿಲ್ಲ. ಬೀಡಿ ಕಟ್ಟಿ ಕಟ್ಟಿ ಬೆರಳು ಸವೆದ ಹೆಂಗಸರಿಗೆ ಥಂಬ್ ಹಿಡಿಯುದೇ ಇಲ್ಲ, ನಿಮಗೂ ಹಿಡಿಯದಿದ್ರೆ ಫೋನಲ್ಲಿ ಮುಖ ತೋರಿಸಿ ಕೊಡುವ ವ್ಯವಸ್ಥೆ ಉಂಟು.

ಇದೆಲ್ಲಕ್ಕಿಂತ ಮೊದಲು ಈ ವಾರ ಒಂದು ಕೆಲಸ ಮಾಡಿ. ಆಧಾರ್, ಪ್ಯಾನ್, ಪಿಎಫ್, ಬ್ಯಾಂಕ್ ನಾಲ್ಕರಲ್ಲೂ ನಿಮ್ಮ ಹೆಸರು, ಹುಟ್ಟಿದ ತಾರೀಕು ಒಂದೇ ಉಂಟಾ ನೋಡಿ, ಒಂದರಲ್ಲಿ ಅಪ್ಪನ ಮನೆಯ ಇನಿಶಿಯಲ್, ಇನ್ನೊಂದರಲ್ಲಿ ಗಂಡನ ಹೆಸರು ಇರುವುದು ನಮ್ಮ ಕಡೆ ಮಾಮೂಲಿ. 1996ರಲ್ಲಿ ಸೇರಿದ ತಾರೀಕು, ಪಿಎಫ್ ನಾಮಿನಿ ಕೂಡ ನೋಡಿ. ಪಿಎಫ್‌ನಲ್ಲಿ ಹೆಸರು, ತಾರೀಕು ಎಂತಾದ್ರೂ ತಪ್ಪಿದ್ರೆ ಸರಿ ಮಾಡಿಸ್ಲಿಕ್ಕೆ ನಿಮ್ಮಂಥ ಹಳೇ ಖಾತೆಯವರಿಗೆ ಹೆಚ್ಚಾಗಿ ಕಂಪನಿಯವರ ಒಪ್ಪಿಗೆ ಬೇಕಾಗ್ತದೆ, ನೀವು ಆ ಆಫೀಸಲ್ಲಿ ಕೂತಿರುವಾಗ ಅದು ಹತ್ತು ನಿಮಿಷದ ಕೆಲಸ, ಬಿಟ್ಟು ಬಂದ ಮೇಲೆ ಅದೇ ಒಪ್ಪಿಗೆಗೆ ತಿಂಗಳುಗಟ್ಟಲೆ ತಿರುಗ್ಬೇಕು. ಲೆಟರ್ ಕೇಳ್ಲಿಕ್ಕೆ ಸಣ್ಣ ಓನರ್ ರೂಮಿಗೆ ಹೋಗುವ ದಿನ ಇದನ್ನೂ ಒಟ್ಟಿಗೆ ಮುಗಿಸಿ.